ಆರಡಿ ನಾಲ್ಕಿಂಚಿಗೆ ಇಳಿದ ಗೋಡೆ

ನಮ್ಮ ಮನೆಯಲ್ಲಿ ಡಿಗ್ರಿ ಎಂಬುದು ಆಗುವ ಮಾತಲ್ಲ ಎಂದು ಹೇಳಿದವರು ನನ್ನ ದೊಡ್ಡಪ್ಪ. ಕಂಪ್ಯೂಟರಿನಲ್ಲಿ ನಿಲ್ಲಿಸಿದ ಗೋಡೆ ತಾನಾಗಿ ಕುಗ್ಗುವುದು ಆಗುವ ಮಾತಲ್ಲ ಎಂದು ಹೇಳಿದವರು ನಮ್ಮ ಕಾಲೇಜಿನ ಲ್ಯಾಬ್ ನೋಡಿಕೊಳ್ಳುತ್ತಿದ್ದ ಮೇಷ್ಟ್ರು. ಮೊದಲನೆಯ ಮಾತನ್ನು ನಾನು ಒಂದು ದಿನವೂ ಒಪ್ಪಲಿಲ್ಲ. ಎರಡನೆಯದನ್ನು ಪೂರ್ತಿಯಾಗಿ ಒಪ್ಪಿದ್ದೆ. ದೆವ್ವ, ಗಾಳಿ, ಮಾಟ ಎಂದು ಯಾರಾದರೂ ಮಾತು ಶುರು ಮಾಡಿದರೆ ಎದ್ದು ಹೋಗುತ್ತಿದ್ದವಳು ನಾನು. ಕಷ್ಟಪಟ್ಟು ಓದಿದವರಿಗೆ ಇಂಥ ಕಥೆ ಕೇಳುವ ಪುರುಸೊತ್ತು ಇರುವುದಿಲ್ಲ ಎಂಬ ಹೆಮ್ಮೆಯೂ ಇತ್ತು. ಆದ್ದರಿಂದ ಈಗ ಬರೆಯುತ್ತಿರುವುದನ್ನು ನೀವು ನಂಬಲೇಬೇಕೆಂದು ನಾನು ಕೇಳುವುದಿಲ್ಲ. ಆದದ್ದನ್ನು ಆದ ಹಾಗೆ ಹೇಳುತ್ತೇನೆ.

ಮೊದಲು ನಮ್ಮ ಮನೆಯ ಗೋಡೆಯ ವಿಷಯ ಹೇಳಬೇಕು. ನಮ್ಮದು ಬಾಗೂರಿನ ಹತ್ತಿರದ ಹಳ್ಳಿ. ಅಪ್ಪ, ದೊಡ್ಡಪ್ಪ ಭಾಗವಾದದ್ದು ನಾನು ಹುಟ್ಟುವುದಕ್ಕೆ ಮುಂಚೆ. ಒಂದೇ ಹೆಂಚಿನ ಸೂರು, ನಡುವೆ ಒಂದು ಗೋಡೆ. ಆ ಗೋಡೆ ಹೆಂಚಿನವರೆಗೆ ಹೋಗುವುದಿಲ್ಲ, ಮೇಲೆ ಖಾಲಿ ಬಿಟ್ಟಿದೆ. ನಮ್ಮ ಸೀಮೆಯಲ್ಲಿ ಇಂಥ ಗೋಡೆಗಳು ಬೇಕಾದಷ್ಟಿವೆ. ಗಂಡಸರು ಮಾತು ಬಿಟ್ಟು ವರ್ಷಗಟ್ಟಲೆ ಆಗಿದ್ದರೂ ಹೆಂಗಸರು ಗೋಡೆಯ ಮೇಲಿಂದ ಹೆಪ್ಪಿಗೆ ಮಜ್ಜಿಗೆ, ಒಲೆಗೆ ಕೆಂಡ, ಒಂದು ಹಿಡಿ ಕರಿಬೇವು ದಾಟಿಸುತ್ತಿರುತ್ತಾರೆ. ಬಾಗಿಲಿಂದ ಬಾಗಿಲಿಗೆ ಹೋದರೆ ಅದು ಹೋಗಿಬಂದಂತೆ ಲೆಕ್ಕ. ಗೋಡೆಯ ಮೇಲಿಂದ ಕೊಟ್ಟರೆ ಕೊಟ್ಟಂತೆಯೂ ಅಲ್ಲ, ತಗೊಂಡಂತೆಯೂ ಅಲ್ಲ.

ಹೊಗೆ ದಾಟುವ ಹಾಗೆಯೇ ಮಾತೂ ದಾಟುತ್ತದೆ. ನನಗೆ ಹಾಸನದಲ್ಲಿ ಸಿವಿಲ್ ಇಂಜಿನಿಯರಿಂಗ್ ಸೀಟು ಸಿಕ್ಕಿದ ದಿನ ಆ ಕಡೆ ದೊಡ್ಡಪ್ಪ ಊಟಕ್ಕೆ ಕೂತಿದ್ದರು. ನಮಗೆ ಕೇಳಲಿ ಎಂದೇ ಹೇಳಿದರು.

“ಓದ್ಲಿ ಬುಡು. ನಮ್ಮ ತಾತ ಮುತ್ತಾತನ ಕಾಲದಿಂದ ಯಾರೂ ಮುಗಿಸ್ದೆ ಇರೋದ್ನ ಇವ್ಳು ಮುಗಿಸ್ಬುಡ್ತಾಳಾ? ಈ ಸೂರಿನ ಕೆಳ್ಗೆ ಡಿಗ್ರಿ ಅನ್ನೋದು ಆಗೋ ಮಾತಲ್ಲ.”

ಅವ್ವ ಒಲೆ ಊದುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. ಅಪ್ಪ ತಟ್ಟೆಯಿಂದ ತಲೆ ಎತ್ತಲಿಲ್ಲ. ಆ ಮಾತನ್ನು ಗಂಟು ಕಟ್ಟಿಕೊಂಡು ನಾನು ಹಾಸನಕ್ಕೆ ಹೋದೆ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷವಾಗಿತ್ತು. ಕಟ್ಟಡದ ಮಾದರಿಯನ್ನು ಕಂಪ್ಯೂಟರಿನಲ್ಲೇ ಎಬ್ಬಿಸುವ ಸಾಫ್ಟ್‌ವೇರ್ ಆಗತಾನೆ ನಮ್ಮ ಕಾಲೇಜಿಗೆ ಬಂದಿತ್ತು. ಅದರ ಕ್ರಮ ಸುಲಭ. ಗೋಡೆಗೆಲ್ಲ ಮೊದಲೇ ಒಂದು ಎತ್ತರ ಗೊತ್ತುಮಾಡಿ ಕೊಡಬೇಕು. ಆಮೇಲೆ ನಾವು ನಕ್ಷೆಯಲ್ಲಿ ಎಳೆದ ಗೆರೆಯೆಲ್ಲ ಅಷ್ಟೆತ್ತರದ ಗೋಡೆಯಾಗಿ ಎದ್ದು ನಿಲ್ಲುತ್ತದೆ. ಯಾವುದಾದರೂ ಒಂದು ಗೋಡೆಗೆ ಬೇರೆ ಎತ್ತರ ಬೇಕಾದರೆ ಅದರ ಮೇಲೆ ಒತ್ತಿ, ತೆರೆದುಕೊಳ್ಳುವ ಸಣ್ಣ ಚೌಕದಲ್ಲಿ ಅಂಕಿ ಬದಲಾಯಿಸಬೇಕು. ಕೈಯಿಂದ ಬದಲಾಯಿಸದೆ ಅದು ಬದಲಾಗುವುದಿಲ್ಲ. ನಾನು ಎಳೆದ ಗೆರೆ ಮನೆಯಾಗಿ ಏಳುವುದನ್ನು ಮೊದಲ ಸಲ ನೋಡಿದ ದಿನ ಅದನ್ನು ಅಳಿಸಿ ಮತ್ತೆ ಮತ್ತೆ ಎಬ್ಬಿಸಿ ನೋಡಿದ್ದೆ.

ಕೊನೆಯ ವರ್ಷದ ಪ್ರಾಜೆಕ್ಟಿಗೆ ಒಂದು ಹಳೆಯ ಮನೆಯನ್ನು ಪೂರ್ತಿ ಅಳೆದು, ಅದರ ಮಾದರಿ ಮಾಡಬೇಕಾಗಿತ್ತು. ಹೊರಗಿನಿಂದ ಬರುವ ಪರೀಕ್ಷಕರು ಅಳತೆ ಪಟ್ಟಿಯನ್ನೂ ಮಾದರಿಯನ್ನೂ ಪಕ್ಕಪಕ್ಕ ಇಟ್ಟು ನೋಡುತ್ತಾರೆ, ಒಂದಕ್ಕೊಂದು ತಾಳೆಯಾಗದಿದ್ದರೆ ಪ್ರಾಜೆಕ್ಟನ್ನೇ ಹಿಂದಕ್ಕೆ ಕೊಡುತ್ತಾರೆ ಎಂದು ಹೇಳಿದ್ದರು. ಹಿಂದಕ್ಕೆ ಬಂದರೆ ಒಂದು ವರ್ಷ ಹೋದಂತೆ. ಉಳಿದವರಿಗೆ ಅದು ಒಂದು ವರ್ಷ ಅಷ್ಟೇ. ನನಗೆ ಹಾಗಲ್ಲ. ಒಂದು ಸಲ ಸೋತು ಊರಿಗೆ ಹೋದರೆ ಮತ್ತೆ ಹಾಸನದ ಬಸ್ಸು ಹತ್ತಿಸುವವರು ನಮ್ಮ ಮನೆಯಲ್ಲಿ ಯಾರೂ ಇರಲಿಲ್ಲ.

ನನ್ನ ಜೊತೆ ಪ್ರಾಜೆಕ್ಟಿಗೆ ಸೇರಿದವನು ಅರಕಲಗೂಡಿನ ಸತೀಶ. ಚುರುಕು ಹುಡುಗ, ಆದರೆ ಎಲ್ಲದರಲ್ಲೂ ತಮಾಷೆ. ಅಳೆಯಲು ಮನೆ ಕೊಟ್ಟವರು ನನಗೆ ಬಾಗೂರಿನ ಹೈಸ್ಕೂಲಿನಲ್ಲಿ ಪಾಠ ಹೇಳಿದ ಸುಬ್ಬಣ್ಣ ಮೇಷ್ಟ್ರು. ನಿವೃತ್ತರಾಗಿ ಹೊಳೆನರಸೀಪುರದ ತಮ್ಮ ಹಿರಿಯರ ಮನೆಗೆ ವಾಪಸು ಬಂದಿದ್ದರು. ಮನೆಯ ಒಂದು ಅರ್ಧ ಅವರದು, ಇನ್ನೊಂದು ಅರ್ಧ ತಮ್ಮ ನಂಜುಂಡಯ್ಯನವರದು. ನಂಜುಂಡಯ್ಯನವರು ದೇವಸ್ಥಾನದ ಪೂಜೆ ಮಾಡಿಕೊಂಡಿದ್ದರು. ನಡುಮನೆಯನ್ನು ಸೀಳಿದ ಹಾಗೆ ಒಂದು ಗೋಡೆ, ಮೇಲಿನ ಜಂತೆಯವರೆಗೆ. ಚೆನ್ನಾಗಿ ಗಾರೆ ಮಾಡಿ ಸುಣ್ಣ ಬಳಿದಿದ್ದರು. ಅಣ್ಣತಮ್ಮಂದಿರಿಗೆ ಮಾತು ಇತ್ತು, ಆದರೆ ಬೇಕಾದಷ್ಟು ಮಾತ್ರ.

ನಾವು ಅಳೆಯುವಾಗ ನಂಜುಂಡಯ್ಯನವರು ಟೇಪಿನ ಹಿಂದೆಯೇ ಓಡಾಡಿದರು. ಅಣ್ಣ ಯಾವ ಉದ್ದೇಶಕ್ಕೆ ಮನೆ ಅಳೆಸುತ್ತಿದ್ದಾರೆ ಎಂಬ ಅನುಮಾನ ಅವರಿಗೆ. ತಮ್ಮ ಕಡೆ ಕಮ್ಮಿ ಬಂದೀತು ಎಂದು ಪ್ರತಿಯೊಂದು ಅಂಕಿಯನ್ನೂ ಬಾಯಿಬಿಟ್ಟು ಹೇಳಿಸಿದರು. ಅವರು ಹಾಗೆ ಓಡಾಡುವುದನ್ನು ಅಣ್ಣ ಈ ಕಡೆಯಿಂದ ಕನ್ನಡಕದ ಮೇಲಿಂದ ನೋಡುತ್ತಿದ್ದರು. ನಡುವಿನ ಗೋಡೆಯನ್ನು ಎರಡೂ ಕಡೆಯಿಂದ ಅಳೆದೆವು. ಎರಡೂ ಕಡೆ ಹತ್ತಡಿ. ಉಳಿದ ಗೋಡೆಗಳೂ ಹತ್ತಡಿಯೇ. ಹೊರಡುವಾಗ ನಂಜುಂಡಯ್ಯನವರು ಸತೀಶನನ್ನು ಹಜಾರಕ್ಕೆ ಕರೆದು ಕಾಫಿ ಕೊಟ್ಟು ಏನೋ ಕೇಳಿದರು. ನಾನು ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಿದ್ದವಳು ಒಂದು ಮಾತು ಮಾತ್ರ ಕೇಳಿಸಿಕೊಂಡೆ: “ಆ ಗೋಡೆ ಒಂದನ್ನ ಬಿಟ್ಟು ಬರೆಯೋಕಾಗಲ್ವೇನಪ್ಪಾ?” ಸತೀಶ ನಕ್ಕ. ಹಾಸನದ ದಾರಿಯಲ್ಲಿ ಬಸ್ಸು ಮೊಸಳೆ ಎಂಬ ಊರು ದಾಟುವವರೆಗೂ ನಾನು ಅದನ್ನೇ ಯೋಚಿಸುತ್ತಿದ್ದೆ. ಕೇಳಿದರೆ, “ಮುದುಕರು ಏನೋ ಅಂತಾರೆ ಬಿಡೆ,” ಎಂದ.

ಲ್ಯಾಬಿನಲ್ಲಿ ಎತ್ತರವನ್ನು ಹತ್ತಡಿಗೆ ಇಟ್ಟು ಗೋಡೆ ಎಳೆದೆ. ಎಲ್ಲ ಎದ್ದು ನಿಂತವು. ಮಾರನೆಯ ದಿನ ತೆರೆದು ನೋಡಿದರೆ ನಡುವಿನ ಗೋಡೆ ಕುಳ್ಳಗಾಗಿತ್ತು. ಉಳಿದವುಗಳ ನಡುವೆ ಅದೊಂದೇ, ದೊಡ್ಡವರ ಮಧ್ಯೆ ಮಗು ನಿಂತಂತೆ. ಒತ್ತಿ ನೋಡಿದೆ. ಚೌಕದಲ್ಲಿ ಆರಡಿ ನಾಲ್ಕಿಂಚು ಎಂದಿತ್ತು. ಎಲ್ಲೋ ಕೈ ತಪ್ಪಿದೆ ಎಂದುಕೊಂಡು ಹತ್ತು ಮಾಡಿ ಉಳಿಸಿದೆ. ಮತ್ತೆ ತೆರೆದಾಗ ಮತ್ತೆ ಅದೇ ಆರಡಿ ನಾಲ್ಕಿಂಚು.

ಸಹಜವಾಗಿ ನನ್ನ ಅನುಮಾನ ಸತೀಶನ ಮೇಲೆ ಹೋಯಿತು. ಫೈಲು ಅವನಿಗೂ ಸಿಗುತ್ತಿತ್ತು, ಆ ಕಾಫಿಯೂ ನೆನಪಿತ್ತು. ನಾನು ನೇರವಾಗಿ ಕೇಳಿದೆ. ಅವನು ಮೊದಲು ನಕ್ಕ, ಆಮೇಲೆ ಸಿಟ್ಟಾದ. “ನಂದೂ ಪ್ರಾಜೆಕ್ಟೇ ಕಣೇ ಇದು. ನನ್ನ ಕಾಲಿನ ಮೇಲೆ ನಾನೇ ಕಲ್ಲು ಹಾಕ್ಕೊಳ್ಳೋಕೆ ನನಗೇನು ಹುಚ್ಚಾ? ನೀನೇ ಏನೋ ಒತ್ತಿರ್ತೀಯ,” ಎಂದ. ಅಂದಿನಿಂದ ಫೈಲಿಗೆ ನನ್ನದೇ ಗುಟ್ಟಿನ ಪದ ಹಾಕಿದೆ. ಸೀಡಿಯಲ್ಲಿ ಇನ್ನೊಂದು ಪ್ರತಿ ಇಟ್ಟುಕೊಂಡೆ. ಹಾಸ್ಟೆಲಿನಲ್ಲಿ ಆ ಸೀಡಿಯನ್ನು ಬಟ್ಟೆಯ ಮಡಿಕೆಯಲ್ಲಿ ಇಡುತ್ತಿದ್ದೆ. ಗೋಡೆ ಮಾತ್ರ ಇಳಿಯುತ್ತಲೇ ಇತ್ತು. ಅಳಿಸಿ ಹೊಸದಾಗಿ ಎಳೆದರೂ ಅಷ್ಟೇ.

ಸತೀಶನನ್ನೂ ಕರೆದುಕೊಂಡು ಹೋಗಿ ಲ್ಯಾಬಿನ ಮೇಷ್ಟ್ರಿಗೆ ಹೇಳಿದೆ. ಅವರು ವೈರಸ್ ಇದೆಯಾ ಎಂದು ಹುಡುಕಿದರು. ಸಿಗಲಿಲ್ಲ. ಆಮೇಲೆ ಕುರ್ಚಿ ಎಳೆದುಕೊಂಡು ಕೂತು, ನನ್ನ ಎದುರಿಗೇ ಹತ್ತಡಿ ಎಂದು ಒತ್ತಿ, ಉಳಿಸಿ, ಮುಚ್ಚಿ, ತೆರೆದು ತೋರಿಸಿದರು. ಗೋಡೆ ಹತ್ತಡಿಯೇ ಇತ್ತು.

“ನೋಡಮ್ಮ, ಇದು ಮನುಷ್ಯ ಅಲ್ಲ, ಯಂತ್ರ. ಯಾರೋ ಕೈ ಹಾಕದೆ ಇದರಲ್ಲಿ ಒಂದು ಕೂದಲೂ ಅಲ್ಲಾಡೋದಿಲ್ಲ. ಯಾರು ಅಂತ ಹುಡುಕು, ಆಮೇಲೆ ಬಾ.”

ಅಷ್ಟರಲ್ಲಿ ಕರೆಂಟು ಹೋಯಿತು. ಮೇಷ್ಟ್ರು ನಮ್ಮನ್ನು ಹೊರಗೆ ಕಳಿಸಿ, ಲ್ಯಾಬಿಗೆ ಬೀಗ ಹಾಕಿ, ಕೀಲಿಯನ್ನು ಜೇಬಿಗೆ ಹಾಕಿಕೊಂಡು ಊಟಕ್ಕೆ ಹೋದರು. ನಾನು ಬಾಗಿಲ ಎದುರಿನ ಬೆಂಚಿನಲ್ಲಿ ಕೂತೆ. ಸತೀಶನನ್ನೂ ಪಕ್ಕದಲ್ಲೇ ಕೂರಿಸಿಕೊಂಡೆ, ಎದ್ದು ಹೋಗಲು ಬಿಡಲಿಲ್ಲ. ಅವನು ಬೇಜಾರಾಗಿ ಕಡಲೆಕಾಯಿ ಸುಲಿಯುತ್ತಿದ್ದ, ನನಗೂ ಕೊಟ್ಟ. ನಾನು ಬೀಗದ ಮೇಲಿನ ಕಣ್ಣು ತೆಗೆಯಲಿಲ್ಲ. ಒಳಗೆ ಹೋಗಲು ಇನ್ನೊಂದು ಬಾಗಿಲಿಲ್ಲ, ಕಿಟಕಿಗೆಲ್ಲ ಸರಳು. ಮೇಷ್ಟ್ರು ಊಟ ಮುಗಿಸಿ ಬಂದು ಬೀಗ ತೆಗೆದರು. ಕರೆಂಟು ಬಂದದ್ದು ಆಮೇಲೆ, ನಾವು ಮೂವರೂ ಒಳಗೆ ನಿಂತಿದ್ದಾಗ. ಯಂತ್ರ ಶುರುಮಾಡಿ ಫೈಲು ತೆರೆದೆ.

ಆರಡಿ ನಾಲ್ಕಿಂಚು.

ಸತೀಶನ ಕೈಯಲ್ಲಿದ್ದ ಕಡಲೆಕಾಯಿ ಸಿಪ್ಪೆ ನೆಲಕ್ಕೆ ಬಿತ್ತು. ಮೇಷ್ಟ್ರು ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. “ನಾನು ಬೀಗ ಹಾಕ್ಕೊಂಡೇ ಹೋದೆನಲ್ಲಮ್ಮ,” ಎಂದರು, ನಾನು ಅವರನ್ನೇ ಕೇಳಿದೆನೇನೋ ಎಂಬಂತೆ. ನಿಜ ಹೇಳುತ್ತೇನೆ, ಆ ಗಳಿಗೆಯಲ್ಲಿ ನನಗೆ ಅವರ ಮೇಲೂ ಅನುಮಾನ ಬಂದಿತ್ತು. ಕೀಲಿ ಅವರ ಜೇಬಿನಲ್ಲೇ ಇತ್ತಲ್ಲ. ಆದರೆ ಕರೆಂಟಿಲ್ಲದ ಯಂತ್ರದಲ್ಲಿ ಕೀಲಿ ಇದ್ದವರಾದರೂ ಏನು ಮಾಡಿಯಾರು?

ನನಗೆ ಉಳಿದದ್ದು ಒಂದೇ ದಾರಿ. ಮನೆಯನ್ನೇ ತಪ್ಪಾಗಿ ಅಳೆದಿದ್ದೇವೆಯೇ ಎಂದು ನೋಡುವುದು. ಪರೀಕ್ಷಕರು ಬರುವುದಕ್ಕೆ ಹೆಚ್ಚು ಸಮಯವಿರಲಿಲ್ಲ. ನಾನು ಒಬ್ಬಳೇ ಹೊಳೆನರಸೀಪುರದ ಬಸ್ಸು ಹತ್ತಿದೆ. ಸತೀಶನಿಗೆ ಹೇಳಲಿಲ್ಲ.

ಸುಬ್ಬಣ್ಣ ಮೇಷ್ಟ್ರು ಹಜಾರದಲ್ಲಿ ಪೇಪರು ಓದುತ್ತಿದ್ದರು. ಮತ್ತೆ ಅಳೆದೆ. ಹತ್ತಡಿ. ಯಾಕಮ್ಮ ಮತ್ತೆ ಎಂದು ಕೇಳಿದರು. ನಾನು ನಡೆದದ್ದನ್ನೆಲ್ಲ ಹೇಳಿದೆ. ನಗುತ್ತಾರೆ ಎಂದುಕೊಂಡಿದ್ದೆ. ಗೋಡೆ ಎಲ್ಲಿಗೆ ಇಳಿಯುತ್ತದೆ ಎಂದು ಕೈಯೆತ್ತಿ ತೋರಿಸಿ ಅಂಕಿ ಹೇಳಿದ ಕೂಡಲೇ ಅವರ ಮುಖ ಗಟ್ಟಿಯಾಯಿತು.

“ಯಾರು ಹೇಳಿಕೊಟ್ಟರು ನಿನಗೆ ಇದನ್ನ?”

ಯಾರೂ ಇಲ್ಲ ಎಂದೆ. ಅವರು ನಂಬಲಿಲ್ಲ. ಎದ್ದು ಬೀದಿಗೆ ಇಳಿದು, ಪಕ್ಕದ ಬಾಗಿಲಿಗೆ ಹೋಗಿ ತಮ್ಮನನ್ನು ಕೂಗಿದರು. ಅವರು ಆ ಬಾಗಿಲಿಗೆ ಹೋದದ್ದನ್ನು ನೋಡಿ ಎದುರುಮನೆಯವರು ಹೊರಗೆ ಬಂದು ನಿಂತರು. ನಂಜುಂಡಯ್ಯನವರು ಮೈಮೇಲೆ ಪಂಚೆ ಎಳೆದುಕೊಂಡು ಬಂದರು.

“ಅಮ್ಮನ ವಿಷಯ ಮಕ್ಕಳ ಹತ್ತಿರ ಯಾಕೆ ಹೇಳೋಕೆ ಹೋದೆ ನೀನು?” ಎಂದರು ಅಣ್ಣ.

“ನಾನೆಲ್ಲಿ ಹೇಳಿದೆ? ನೀನೇ ಹೇಳಿ ನನ್ನ ಮೇಲೆ ಹಾಕ್ತಿದೀಯ. ಮನೆ ಅಳೆಸಿದ್ದು ನೀನು, ನಾನಲ್ಲ.”

ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ನಂಬದೆ ಸ್ವಲ್ಪ ಹೊತ್ತು ಹೋಯಿತು. ನಡುವೆ ನಿಂತ ನನಗೆ ಅವರಿಬ್ಬರ ಮೇಲೂ ಅನುಮಾನ. ಕೊನೆಗೆ ವಿಷಯ ಹೊರಬಂತು. ಅವರ ತಂದೆ ಹೋದ ಮೇಲೆ ಭಾಗವಾಗಿ ಆ ಗೋಡೆ ಕಟ್ಟಿಸುತ್ತಿದ್ದಾಗ, ತಾಯಿ ಬಂದು ಗೋಡೆಗೆ ಬೆನ್ನು ಕೊಟ್ಟು ನಿಂತು ಒಂದು ಕೈ ಮೇಲೆತ್ತಿದರಂತೆ. ನನ್ನ ಕೈ ಎಟುಕುವಷ್ಟೇ ಕಟ್ಟಿ, ಅದಕ್ಕಿಂತ ಒಂದು ಸಾಲು ಮೇಲೆ ಹೋಗಕೂಡದು, ನಾನು ಈ ಕಡೆ ಕೂಗಿದರೆ ಆ ಕಡೆಯವನಿಗೂ ಕೇಳಬೇಕು ಎಂದರಂತೆ. ಗಾರೆಯವನು ಅಲ್ಲಿಗೆ ನಿಲ್ಲಿಸಿದ. ಆಕೆ ಇರುವವರೆಗೆ ಹಾಗೆಯೇ ಇತ್ತು. ಆಕೆ ತೀರಿಕೊಂಡ ಮೇಲೆ ಯಾವುದೋ ಸಣ್ಣ ಜಗಳಕ್ಕೆ ಇಬ್ಬರೂ ಸೇರಿಯೇ ಅದನ್ನು ಜಂತೆಯವರೆಗೆ ಏರಿಸಿ ಗಾರೆ ಮಾಡಿಸಿದರು. ಬೇರೆ ಯಾವುದಕ್ಕೂ ಒಪ್ಪದವರು ಆ ಕೆಲಸಕ್ಕೆ ಮಾತ್ರ ಒಪ್ಪಿದ್ದರು.

“ಎಷ್ಟು ಎತ್ತರ ಅಂತ ಅವತ್ತು ಯಾರೂ ಅಳೆದಿರಲಿಲ್ಲ,” ಎಂದರು ಸುಬ್ಬಣ್ಣ ಮೇಷ್ಟ್ರು. “ಅಮ್ಮನ ಕೈಯೇ ಅಳತೆ.”

ನಂಜುಂಡಯ್ಯನವರು ಒಳಗೆ ಹೋಗಿ ಸುತ್ತಿಗೆ ತಂದು ಅಣ್ಣನ ಕಡೆಯ ನಡುಮನೆಗೆ ನಡೆದರು. ಅಣ್ಣ ಬೇಡ ಎನ್ನಲಿಲ್ಲ. ಗಾರೆ ಉದುರಿತು. ಕೆಳಗೆ ಮಣ್ಣಿನ ಹಸಿ ಇಟ್ಟಿಗೆ, ಮೇಲೆ ಸುಟ್ಟ ಕೆಂಪು ಇಟ್ಟಿಗೆ, ನಡುವೆ ಒಂದು ಗೆರೆ. ನಾನು ನೆಲದಿಂದ ಟೇಪ್ ಹಿಡಿದೆ. ನಂಬಿಕೆಯಾಗದೆ ಇನ್ನೊಮ್ಮೆ ಹಿಡಿದೆ. ಎರಡೂ ಸಲ ಆರಡಿ ನಾಲ್ಕಿಂಚೇ ಬಂತು. ಸುಬ್ಬಣ್ಣ ಮೇಷ್ಟ್ರು ಆ ಗೆರೆಯ ಮೇಲೆ ಅಂಗೈ ಇಟ್ಟು ನಿಂತರು. ನಂಜುಂಡಯ್ಯನವರು ಕೆಳಗೆ ಕೂತು ಉದುರಿದ ಗಾರೆಯನ್ನು ಒಂದು ಕಡೆ ಗುಡ್ಡೆ ಮಾಡತೊಡಗಿದರು. ನಾನು ಹೊರಡುತ್ತೇನೆ ಎಂದದ್ದು ಇಬ್ಬರಿಗೂ ಕೇಳಿಸಿತೋ ಇಲ್ಲವೋ.

ವಾಪಸು ಬರುತ್ತ ಬಸ್ಸಿನಲ್ಲಿ ನನಗೆ ಒಂದು ಉಪಾಯ ಹೊಳೆಯಿತು. ಕಂಪ್ಯೂಟರಿನಲ್ಲಿ ಆ ಗೋಡೆಯನ್ನು ಒಂದಾಗಿ ಎಳೆಯುವುದನ್ನು ಬಿಟ್ಟೆ. ಕೆಳಗೆ ಆರಡಿ ನಾಲ್ಕಿಂಚಿನ ಒಂದು ಗೋಡೆ, ಅದರ ತಲೆಯ ಮೇಲಿಂದ ಶುರುವಾಗುವ ಹಾಗೆ ಮೂರಡಿ ಎಂಟಿಂಚಿನ ಇನ್ನೊಂದು ಗೋಡೆ. ಎರಡೂ ಸೇರಿ ಹತ್ತಡಿ. ಉಳಿಸಿ ಮುಚ್ಚಿದೆ. ಮಾರನೆಯ ದಿನ ತೆರೆದೆ. ಗೋಡೆ ಇಳಿದಿರಲಿಲ್ಲ. ಆಮೇಲೂ ಇಳಿಯಲಿಲ್ಲ. ನಾನು ಪ್ರತಿ ದಿನವೂ ಹೋಗಿ ನೋಡುತ್ತಿದ್ದೆ, ಯಾರನ್ನೋ ಹಿಡಿಯಲು ಕಾದು ಕೂತವಳ ಹಾಗೆ.

ಪರೀಕ್ಷಕರು ಮಾದರಿಯನ್ನು ತಿರುಗಿಸಿ ನೋಡುತ್ತ ಆ ಗೆರೆಯ ಹತ್ತಿರವೇ ನಿಂತರು. ಇದೇನು, ಒಂದು ಗೋಡೆಯನ್ನು ಎರಡು ಮಾಡಿದ್ದೀಯ ಎಂದು ಕೇಳಿದರು. ಸತೀಶ ನನ್ನ ಕಡೆ ನೋಡಿದ. ಮೇಲಿನ ಭಾಗ ಆಮೇಲೆ ಕಟ್ಟಿದ್ದು ಸಾರ್, ಗಾರೆ ತೆಗೆಸಿ ನೋಡಿ ಅಳತೆ ಹಾಕಿದ್ದೇನೆ ಎಂದೆ. ಗಾರೆಯ ಒಳಗೆ ಏನಿದೆ ಎಂದು ನೋಡುವವರು ಕಮ್ಮಿ ಎಂದು ಅವರು ಲ್ಯಾಬಿನ ಮೇಷ್ಟ್ರಿಗೆ ಹೇಳಿದರು. ಮೇಷ್ಟ್ರು ಕಿಟಕಿಯ ಕಡೆ ತಿರುಗಿ ನಿಂತಿದ್ದರು. ಪಾಸಾಯಿತು.

ಇಷ್ಟು ವರ್ಷ ಕಟ್ಟಡದ ಕೆಲಸವನ್ನೇ ಮಾಡಿಕೊಂಡು ಬಂದಿದ್ದೇನೆ. ಎಷ್ಟೋ ಗೋಡೆಗಳಿಗೆ ಎತ್ತರ ಕೊಟ್ಟಿದ್ದೇನೆ. ಒಂದೂ ಹಾಗೆ ಮಾಡಿಲ್ಲ. ಅವತ್ತು ಆದದ್ದಕ್ಕೆ ನನಗೆ ಈಗಲೂ ಕಾರಣ ಗೊತ್ತಿಲ್ಲ. ನಂಜುಂಡಯ್ಯನವರು ಸತೀಶನಿಗೆ ಹೇಳಿ, ಸತೀಶ ಬದಲಾಯಿಸಿದ ಎಂದುಕೊಂಡರೆ, ಎಂದೂ ಅಳೆಯದ ಅಂಕಿ ಅವರಿಗೆ ಹೇಗೆ ಗೊತ್ತು? ಗೊತ್ತಿತ್ತು ಎಂದೇ ಇಟ್ಟುಕೊಂಡರೂ, ಬೆಂಚಿನ ಮೇಲೆ ನನ್ನ ಪಕ್ಕ ಕೂತು ಕಡಲೆಕಾಯಿ ಸುಲಿಯುತ್ತಿದ್ದವನು ಬೀಗ ಹಾಕಿದ ಕೋಣೆಯಲ್ಲಿ ಕೈಯಾಡಿಸಿದ್ದು ಹೇಗೆ? ಸತೀಶ ಈಗಲೂ ಎಲ್ಲಾದರೂ ಸಿಗುತ್ತಾನೆ. ಮಾತಾಡುತ್ತ ಮಾತಾಡುತ್ತ ನಾನು ಅವನ ಮುಖದಲ್ಲಿ ಏನಾದರೂ ಸುಳಿವು ಸಿಕ್ಕೀತೇ ಎಂದು ಹುಡುಕುತ್ತೇನೆ. ನನ್ನ ಮೇಲೆ ಅವನಿಗೂ ಅಂಥದೇ ಅನುಮಾನ ಇದೆ ಎಂದು ಕಾಣುತ್ತದೆ. ಅದೂ ಇರಬಹುದು ಎಂದು ಒಮ್ಮೊಮ್ಮೆ ನನಗೂ ಅನ್ನಿಸುತ್ತದೆ. ಹೆಂಚು ಮುಟ್ಟದ ಗೋಡೆಯ ಪಕ್ಕದಲ್ಲಿ ಬೆಳೆದವಳು ನಾನು. ನನ್ನ ಬೆರಳೇ ನನಗೆ ತಿಳಿಯದ ಹಾಗೆ ಆ ಅಂಕಿಯನ್ನು ಒತ್ತುತ್ತಿತ್ತೇ? ಹಾಗಾದರೆ ಹೊಳೆನರಸೀಪುರದ ಗಾರೆಯ ಒಳಗೆ ಅದೇ ಅಂಕಿ ಯಾಕಿತ್ತು? ನಮ್ಮ ಮನೆಯ ಗೋಡೆಯನ್ನು ಅಳೆದರೆ ಏನಾದರೂ ತಿಳಿದೀತು. ಇವತ್ತಿನವರೆಗೆ ನಾನು ಅಳೆದಿಲ್ಲ. ಟೇಪ್ ಚೀಲದಲ್ಲೇ ಇರುತ್ತದೆ. ತೆಗೆಯಲು ಮನಸ್ಸು ಬರುವುದಿಲ್ಲ.

ಇದನ್ನೆಲ್ಲ ನಾನು ಊರಲ್ಲಿ ಯಾರಿಗೂ ಹೇಳಿರಲಿಲ್ಲ. ಅಪ್ಪನಿಗೂ ಇಲ್ಲ, ಅವ್ವನಿಗೂ ಇಲ್ಲ.

ಡಿಗ್ರಿ ಸರ್ಟಿಫಿಕೇಟು ಕೈಗೆ ಬಂದ ದಿನ ಸಂಜೆ ಚನ್ನರಾಯಪಟ್ಟಣದಲ್ಲಿ ಬಸ್ಸು ಬದಲಾಯಿಸಿ ಊರಿಗೆ ಹೋದೆ. ಅವ್ವ ಸೆರಗಿನಿಂದ ಕೈ ಒರೆಸಿಕೊಂಡು ಅದನ್ನು ಮುಟ್ಟಿದಳು. ಅಪ್ಪ ನನ್ನ ಹೆಸರು ಎಲ್ಲಿದೆ, ತಮ್ಮ ಹೆಸರು ಎಲ್ಲಿದೆ ಎಂದು ಕೇಳಿ, ಬೆರಳಿಟ್ಟು ನೋಡಿದರು. ಗೋಡೆಯ ಆ ಕಡೆ ದೊಡ್ಡಪ್ಪನ ಕೆಮ್ಮು ಕೇಳಿಸಿತು.

“ಏನವ್ವಾ, ಬಂತಂತಾ ಅದು?”

ಬಂತು ದೊಡ್ಡಪ್ಪ ಎಂದೆ.

“ಇಂಗ್ ಕೊಡು, ನೋಡಾನ.”

ಬಾಗಿಲಿಂದ ಹೋಗಿ ಕೊಡಲೇ ಎಂದು ಅಪ್ಪನ ಮುಖ ನೋಡಿದೆ. ಅವ್ವ ಕಣ್ಣಿನಲ್ಲೇ ಗೋಡೆಯನ್ನು ತೋರಿಸಿದಳು. ನಾನು ಪ್ಲಾಸ್ಟಿಕ್ ಕವರಿನ ಸಮೇತ ಅದನ್ನು ಎತ್ತಿ ಹಿಡಿದು ಕಾಲ ಬೆರಳ ಮೇಲೆ ನಿಂತೆ. ಆ ಕಡೆಯಿಂದ ಒಂದು ಕೈ ಮೇಲೆ ಬಂತು. ದೊಡ್ಡಪ್ಪನಿಗೆ ಆಗಲೇ ಬೆನ್ನು ಬಾಗಿತ್ತು. ಬೆರಳ ತುದಿ ಮಾತ್ರ ಗೋಡೆಯ ಮೇಲೆ ಕಾಣಿಸಿತು. ಆ ಬೆರಳುಗಳು ತಡಕಾಡಿ ಕವರಿನ ಅಂಚನ್ನು ಹಿಡಿದವು. ನಾನು ಬಿಟ್ಟೆ.

ಆ ಕಡೆ ಕಾಗದ ತಿರುಗಿಸುವ ಸದ್ದು. ಓದಲು ಬಾರದವರು ಏನು ನೋಡುತ್ತಿದ್ದರೋ, ತುಂಬ ಹೊತ್ತು ನೋಡಿದರು. ಆಮೇಲೆ ಗೋಡೆಯ ಮೇಲಿಂದ ಮಾತು ಬಂತು.

“ಈ ಗೋಡೆ ಇಷ್ಟಕ್ಕೇ ಸಾಕು ಅಂತ ನಿಮ್ಮಜ್ಜಿ ಕೈ ಎತ್ಕಂಡು ಅಡ್ಡ ನಿಂತ್ಕಂಡಾಗ ನಾನು ಬೈದ್ಬುಟ್ಟಿದ್ದೆ ಕಣವ್ವ. ಇನ್ನೊಂದು ಗೇಣು ಎತ್ರ ಇದ್ದಿದ್ರೆ ಇವತ್ತು ನಿನ್ನ ಕಾಗ್ದ ನನ್ನ ಕೈಗೆ ಸಿಕ್ತಿರ್ಲಿಲ್ಲ.”